ಬ್ಯಾಂಡಿನ ಕೋಟು, ಬ್ಯಾಂಡಿನ ಟ್ಯೂಬು

ಮೈ ತುರಿಸಿದರೆ ಅದನ್ನು ಯಾರು ತಾನೇ ಕಾಯಿಲೆ ಎನ್ನುತ್ತಾರೆ? ಜ್ವರ ಬಂದರೆ ಹೊದ್ದು ಮಲಗುತ್ತೇವೆ. ಹಲ್ಲು ನೋವಾದರೆ ಬೀದಿಗೆಲ್ಲ ಕೇಳುವ ಹಾಗೆ ನರಳುತ್ತೇವೆ. ತುರಿಕೆ ಬಂದರೆ ಮಾತ್ರ ಅತ್ತ ಇತ್ತ ನೋಡಿ, ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ಒಂದು ಸಲ ಉಜ್ಜಿಕೊಂಡು, ಏನೂ ಆಗದವರ ಹಾಗೆ ಕೆಲಸಕ್ಕೆ ಹೋಗುತ್ತೇವೆ. ಜರಿಯಕ್ಕನ ಮನೆಯಲ್ಲೂ ಹೀಗೇ ನಡೆದಿತ್ತು. ಶಾಲೆಯ ಮಿಸ್ಸು ಅವಳ ಮಗಳನ್ನು ಮಧ್ಯಾಹ್ನಕ್ಕೇ ಮನೆಗೆ ಕಳಿಸಿದ ದಿನ ಎಲ್ಲ ಬೀದಿಗೆ ಬಿತ್ತು.

ಜರಿಯಕ್ಕ ಬ್ಯಾಂಡ್ ಸೆಟ್ಟಿನವರ ಮನೆಯ ಕಿರಿಯ ಸೊಸೆ. ಮೆರವಣಿಗೆಗಳ ಮುಂದೆ ಕೆಂಪು ಕೋಟು ತೊಟ್ಟು ನುಡಿಸುತ್ತಾ ಹೋಗುತ್ತಾರಲ್ಲ, ಆ ತಂಡ ಇವರದು. ಗಂಡ ದೊಡ್ಡ ಡ್ರಮ್ ಬಾರಿಸುತ್ತಾನೆ. ಗಂಡನ ಅಣ್ಣ ಟ್ರಂಪೆಟ್ ಊದುತ್ತಾರೆ. ತಂಡಕ್ಕೆ ಅವರೇ ಯಜಮಾನರು, ಎಲ್ಲರ ಬಾಯಲ್ಲೂ ಮಾಸ್ತರು. ಕೋಟಿನ ಜರಿ ಕಿತ್ತು ಬಂದರೆ, ಗುಂಡಿ ಹಾರಿದರೆ, ತೊಡೆಯ ಮೇಲೆ ಹರಡಿಕೊಂಡು ಹೊಲಿದುಕೊಡುವುದು ಇವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಮಗಳಿಗೆ ಆರು ವರ್ಷ. ಟ್ರಂಪೆಟ್ಟನ್ನೂ ಮೀರಿಸುವ ಗಂಟಲು ಅವಳದು, ಅದಕ್ಕೇ ತಂಡದವರೆಲ್ಲ ಅವಳನ್ನು ಪೀಪಿ ಎಂದು ಕರೆಯುತ್ತಾರೆ.

ಆ ಮಧ್ಯಾಹ್ನ ಪೀಪಿಗೆ ದನಿಯೇ ಇರಲಿಲ್ಲ. ಬೆನ್ನ ಮೇಲೆ ಚೀಲ, ಕೆನ್ನೆಗೆ ಅಡ್ಡ ಹಿಡಿದ ಕರವಸ್ತ್ರ. ಹೊಸ್ತಿಲಲ್ಲೇ ನಿಂತು ಕೇಳಿದಳು.

"ಅಮ್ಮಾ, ನಾನು ಗಲೀಜಾ?"

"ಯಾರು ಹೇಳಿದ್ದು?"

"ಮಿಸ್ಸು ಹೇಳ್ಲಿಲ್ಲ. ಬೇರೆ ಮಕ್ಕಳ ಅಮ್ಮಂದಿರು ಹೇಳಿದ್ರಂತೆ. ಅದಕ್ಕೇ ಮಿಸ್ಸು ವಾಸಿ ಆಗೋ ತನಕ ಬರ್ಬೇಡ ಅಂದ್ರು."

ಜರಿಯಕ್ಕನ ಮೈ ಉರಿದುಹೋಯಿತು. ಆ ಉರಿಗೆ ತುಪ್ಪ ಸುರಿಯಲು ಒಳಗಿನಿಂದ ಓರಗಿತ್ತಿ ಬಂದಳು. ಮಾಸ್ತರರ ಹೆಂಡತಿ. ಅವಳ ಬಾಯಿಗೆ ಬೀಗ ಹಾಕಿದವರು ಇನ್ನೂ ಹುಟ್ಟಿಲ್ಲ.

"ನಾನು ಬಾಯಿ ಬಡ್ಕೊಂಡೆ, ಕೇಳಿದ್ಯಾ? ಮಗೂಗೆ ಬದನೆಕಾಯಿ ತಿನ್ನಿಸ್ಬೇಡ, ರಕ್ತ ಕೆಡುತ್ತೆ ಅಂತ. ಮೊದಲು ಅವಳ ಚಾಪೆ ಬೇರೆ ಹಾಕು, ತಟ್ಟೆ ಬೇರೆ ಇಡು. ಹೆತ್ತವಳು ಚೊಕ್ಕಟವಾಗಿದ್ದಿದ್ರೆ ಕೂಸಿಗೆ ಇದೆಲ್ಲ ಯಾಕೆ ಬರ್ತಿತ್ತು?"

ಜರಿಯಕ್ಕ ಉತ್ತರ ಕೊಟ್ಟಿದ್ದರೆ ಆ ದಿನವೇ ಒಲೆ ಎರಡಾಗುತ್ತಿತ್ತು. ಅವಳು ಮಗಳ ಕರವಸ್ತ್ರ ತೆಗೆದು ಕೆನ್ನೆಯನ್ನು ಬೆಳಕಿಗೆ ಹಿಡಿದಳು.

ಕೆಲವು ತಿಂಗಳ ಹಿಂದೆ ಅಲ್ಲಿ ಇದ್ದದ್ದು ಬಟ್ಟೆಯ ಗುಂಡಿಯಷ್ಟು ಒಂದು ಉಂಗುರ. ಅಂಚು ಕೆಂಪಗೆ, ನಡುವೆ ಮಾಮೂಲಿ ಚರ್ಮ. ಮಾಸ್ತರರಿಗೆ ಪೀಪಿ ಎಂದರೆ ಪ್ರಾಣ, ಅವರೇ ಮಡಿಲಲ್ಲಿ ಕೂರಿಸಿಕೊಂಡು ಟ್ಯೂಬು ಹಿಸುಕಿ ಹಚ್ಚಿದ್ದರು. "ಎರಡೇ ದಿನ ಪುಟ್ಟಾ, ಮಂಗಮಾಯ!" ಅಂದಿದ್ದರು. ನಿಜಕ್ಕೂ ಮಾಯವಾಯಿತು. ಆಮೇಲೆ ಬಂತು, ದೊಡ್ಡದಾಗಿ ಬಂತು. ಮತ್ತೆ ಹಚ್ಚಿದರು, ಮತ್ತೆ ಹೋಯಿತು, ಮತ್ತೆ ಬಂತು. ಈಗ ಉಂಗುರವೇ ಕಾಣುವುದಿಲ್ಲ. ಕೆನ್ನೆಯಿಡೀ ಕೆಂಪು, ಮೂಗಿನ ಪಕ್ಕ ಮೊಡವೆಯಂಥ ಗುಳ್ಳೆಗಳು, ಚರ್ಮದಡಿ ನೂಲಿನಂಥ ಕೆಂಪು ಗೆರೆಗಳು. ಆರು ವರ್ಷದ ಮುಖಕ್ಕೆ ಮೊಡವೆ!

ಆ ಟ್ಯೂಬಿನ ಸಂಗತಿ ಹೇಳಲೇಬೇಕು. ಅದು ಯಾರೊಬ್ಬರದೂ ಅಲ್ಲ, ಬ್ಯಾಂಡಿನದು. ಟ್ರಂಪೆಟ್ ಪೆಟ್ಟಿಗೆಯಲ್ಲಿ ಎಣ್ಣೆ ಸೀಸೆಯ ಪಕ್ಕ ಅದರ ಜಾಗ. ನೀವೇ ಯೋಚಿಸಿ: ಟ್ರಂಪೆಟ್ ಊದುವವನ ಎರಡು ಕೈಯೂ ವಾದ್ಯದ ಮೇಲೆ, ಡ್ರಮ್ಮಿನವನ ಎರಡು ಕೈಯಲ್ಲೂ ಕೋಲು. ಹಾಡಿನ ನಡುವೆ ಸೊಂಟ ತುರಿಸಿತೆಂದು ನಿಲ್ಲಿಸಿ ಕೆರೆದುಕೊಂಡರೆ ಮೆರವಣಿಗೆಗೆ ಮೆರವಣಿಗೆಯೇ ನಗುತ್ತದೆ. ಹಾಗಾಗಿ ಹೊರಡುವ ಮುಂಚೆ ಟ್ಯೂಬು ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರೂ ಅಂಗಿಯೊಳಗೆ ಕೈ ತೂರಿಸಿ ಬಳಿದುಕೊಳ್ಳುತ್ತಿದ್ದರು. ಮೂಲೆಯ ಔಷಧಿ ಅಂಗಡಿಯವನಿಗೆ ಇವರು ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಬ್ಯಾಂಡಿನವರು ಕಂಡರೆ ಸಾಕು, ಟ್ಯೂಬು ತೆಗೆದಿಡುತ್ತಿದ್ದ.

ಕೋಟುಗಳೂ ಹಾಗೆಯೇ ಬ್ಯಾಂಡಿನವು. ಯಾರಿಗೆ ಯಾವುದು ಹಿಡಿಸುತ್ತದೋ ಅದನ್ನು ತೊಡುವುದು. ನಿನ್ನೆ ಒಬ್ಬನ ಬೆವರು ಕುಡಿದ ಕೋಟು ಇವತ್ತು ಇನ್ನೊಬ್ಬನ ಮೈಮೇಲೆ. ಸೀಸನ್ ಮುಗಿಯುವ ತನಕ ಒಗೆಯುವಂತಿಲ್ಲ, ಬಣ್ಣ ಬಿಡುತ್ತದೆ, ಜರಿ ಕಪ್ಪಾಗುತ್ತದೆ. ವಾಸನೆ ಬಂದರೆ ಒಳಗೆ ಸೆಂಟು ಹೊಡೆದು ಮೊಳೆಗೆ ನೇತು ಹಾಕುತ್ತಿದ್ದರು. ಎಂಥ ಚೊಕ್ಕಟ!

ಜರಿಯಕ್ಕ ಟ್ರಂಪೆಟ್ ಪೆಟ್ಟಿಗೆಯಿಂದ ಆ ಟ್ಯೂಬನ್ನೇ ಎತ್ತಿಕೊಂಡು, ಮಗಳ ಕೈ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೊರಟಳು. ಗಂಡ ಬಾಗಿಲಲ್ಲಿ ಅಡ್ಡ ನಿಂತ.

"ತುರಿಕೆಗೆಲ್ಲ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೆ? ಸಂಜೆ ಬೇರೆ ಟ್ಯೂಬು ತರ್ತೀನಿ, ಜೋರಾಗಿರೋದು."

"ಜೋರಾಗಿರೋದು ತಂದು ನಿಮ್ಮ ಮುಖಕ್ಕೆ ಬಳ್ಕೊಳ್ಳಿ. ದಾರಿ ಬಿಡ್ರೀ!"

ಅವಳು ಗಂಡನಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ದಾರಿ ಬಿಟ್ಟ.

ಚರ್ಮದ ಡಾಕ್ಟರಮ್ಮನ ಕೋಣೆಯ ಮುಂದೆ ಬೆಂಚು ತುಂಬ ಜನ. ಸರದಿ ಬಂದಾಗ ಡಾಕ್ಟರಮ್ಮ ಪೀಪಿಯ ಮುಖವನ್ನು ಮೆಲ್ಲಗೆ ಎತ್ತಿ ನೋಡಿದರು. ಆಮೇಲೆ ಜರಿಯಕ್ಕನ ಕೈಯ ಟ್ಯೂಬು ನೋಡಿದರು. ಅವರ ಮುಖ ಗಂಟಿಕ್ಕಿತು.

"ಇದನ್ನ ಈ ಮಗು ಮುಖಕ್ಕೆ ಹಚ್ಚಿದ್ರಾ? ಯಾರು ಬರೆದುಕೊಟ್ಟಿದ್ದು?"

"ಯಾರೂ ಇಲ್ಲ. ಅಂಗಡಿಯವರು ಕೊಟ್ಟಿದ್ದು."

"ಅಂಗಡಿಯವನು ಡಾಕ್ಟರೇನಮ್ಮಾ? ದಿನಾ ಇದೇ ಆಯ್ತು ನನಗೆ! ಬೆಂಚಿನ ಮೇಲೆ ಕೂತಿದಾರಲ್ಲ, ಅರ್ಧ ಜನ ಇಂಥದ್ದೇ ಟ್ಯೂಬಿನಿಂದ ಕೆಡಿಸಿಕೊಂಡವರು."

ಡಾಕ್ಟರಮ್ಮ ಸಿಟ್ಟಿನಲ್ಲಿ ಟ್ಯೂಬನ್ನು ಮೇಜಿನ ಮೇಲೆ ಕುಕ್ಕಿದರು. ಪೀಪಿ ಬೆಚ್ಚಿ ಅಮ್ಮನ ಸೆರಗು ಹಿಡಿದಳು. ಅದನ್ನು ನೋಡಿ ಡಾಕ್ಟರಮ್ಮನ ದನಿ ಇಳಿಯಿತು. "ನಿನ್ನ ಮೇಲೆ ಸಿಟ್ಟಲ್ಲ ಕಂದಾ," ಎಂದು ಅವಳ ತಲೆ ಸವರಿದರು. ಕೆನ್ನೆಯಿಂದ ಒಂದಿಷ್ಟು ಹೊಟ್ಟು ಕೆರೆದು ತೆಗೆದು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು.

ಜರಿಯಕ್ಕ ಅಂಜುತ್ತಲೇ ಕೇಳಿದಳು. "ಆದ್ರೆ ಡಾಕ್ಟ್ರೇ, ಹಚ್ಚಿದ ತಕ್ಷಣ ತುರಿಕೆ ನಿಲ್ಲುತ್ತಲ್ಲ? ಒಳ್ಳೇ ಔಷಧಿ ಅಲ್ವಾ ಹಾಗಾದ್ರೆ?"

"ಮನೆಗೆ ಕಳ್ಳ ಬಂದ. ನಾಯಿ ಬೊಗಳ್ತು. ನೀವು ನಾಯಿಗೆ ಮತ್ತು ಬರೋ ಔಷಧಿ ಕೊಟ್ಟು ಮಲಗಿಸಿದ್ರಿ. ಬೊಗಳೋದು ನಿಂತಿತು. ಕಳ್ಳ?"

"ಒಳಗೇ ಇದಾನೆ."

"ಇದರಲ್ಲಿರೋ ಸ್ಟೀರಾಯ್ಡ್ ಮಾಡೋದು ಅದನ್ನೇ. ಬೇರೆ ಕೆಲವು ಕಾಯಿಲೆಗೆ ಅದು ಬೇಕು, ನಾವೇ ಬರೆದುಕೊಡ್ತೀವಿ. ಆದ್ರೆ ನಿಮ್ಮ ಮಗಳಿಗಿರೋದು ಹುಳುಕಡ್ಡಿ. ಹೆಸರು ಹುಳುಕಡ್ಡಿ, ಹುಳು ಗಿಳು ಏನೂ ಇಲ್ಲ. ಹಳೇ ಬ್ರೆಡ್ ಮೇಲೆ ಬೂಷ್ಟು ಬರುತ್ತಲ್ಲ, ಅಂಥ ಬೂಷ್ಟು ಚರ್ಮದ ಮೇಲೆ ಬೆಳೆಯುತ್ತೆ. ಬೆವರು, ಬಿಗಿ ಬಟ್ಟೆ, ಒದ್ದೆ ಅಂದ್ರೆ ಅದಕ್ಕೆ ಹಬ್ಬ. ಸ್ಟೀರಾಯ್ಡ್ ಹಚ್ಚಿದ್ರೆ ಕೆಂಪು ಅಡಗುತ್ತೆ, ಬೂಷ್ಟು ಆರಾಮಾಗಿ ಹರಡುತ್ತೆ. ಜೊತೆಗೆ ಚರ್ಮ ತೆಳ್ಳಗಾಗುತ್ತೆ. ಈ ಕೆಂಪು ಗೆರೆ, ಈ ಗುಳ್ಳೆ ಎಲ್ಲ ಟ್ಯೂಬು ಕೊಟ್ಟಿದ್ದು, ಹುಳುಕಡ್ಡಿ ಕೊಟ್ಟಿದ್ದಲ್ಲ."

"ಬದನೆಕಾಯಿ ತಿಂದು ರಕ್ತ ಕೆಟ್ಟಿದೆ ಅಂತಾರೆ ಮನೇಲಿ."

"ಪಾಪ, ಬದನೆಕಾಯಿ ಏನು ಮಾಡ್ತು? ಇದು ಮೈಯಿಂದ ಮೈಗೆ, ಬಟ್ಟೆಯಿಂದ ಮೈಗೆ ಅಂಟೋದು. ಮನೇಲಿ ಇನ್ಯಾರಿಗಿದೆ?"

ಜರಿಯಕ್ಕ ತಲೆ ತಗ್ಗಿಸಿದಳು. ಅವಳ ತೊಡೆಯ ಮೇಲೂ ಇತ್ತು, ಕೋಟು ಹರಡಿಕೊಂಡು ಹೊಲಿಯುವ ಜಾಗದಲ್ಲೇ. ಗಂಡನ ಸೊಂಟದ ಸುತ್ತಲೂ ಇತ್ತು. ತಂಡದವರದು ಹೇಳುವುದೇ ಬೇಡ.

"ಮಗೂಗೆ ಸರಿಯಾಗಿ ಕೆನ್ನೆ ಮೇಲೇ ಯಾಕೆ ಬಂತು ಗೊತ್ತಾ? ಯಾರ ಹೆಗಲ ಮೇಲೆ ಮಲಗ್ತಾಳೆ ಇವಳು?"

"ದೊಡ್ಡಪ್ಪನ ಹೆಗಲ ಮೇಲೆ," ಎಂದು ಪೀಪಿಯೇ ಹೇಳಿದಳು. "ಮೆರವಣಿಗೆ ಮುಗಿದ ಮೇಲೆ ಎತ್ಕೊಂಡು ಬರ್ತಾರೆ."

ಕೆಂಪು ಕೋಟಿನ ಮೇಲೆ, ಬೆವರಿನಲ್ಲಿ ನೆಂದ ಕಾಲರಿಗೆ ಕೆನ್ನೆಯಿಟ್ಟು. ಜರಿಯಕ್ಕನಿಗೆ ಆ ಚಿತ್ರ ಕಣ್ಣಿಗೆ ಕಟ್ಟಿತು. ಅದೇ ಕೋಟಿನ ಭುಜಕ್ಕೆ ಜರಿ ಹೊಲಿದವಳು ತಾನೇ. ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

ಡಾಕ್ಟರಮ್ಮ ಬೇರೆ ಮುಲಾಮು ಬರೆದುಕೊಟ್ಟರು. ಬೆಳಿಗ್ಗೆ ಸಂಜೆ, ಕಲೆಯ ಅಂಚು ದಾಟಿ ಎರಡು ಬೆರಳಗಲ ಹೊರಗಿನವರೆಗೂ ಹಚ್ಚಬೇಕು. ಕಲೆ ಮಾಯವಾಯಿತೆಂದು ನಿಲ್ಲಿಸದೆ ತಾವು ಹೇಳುವ ತನಕ ಹಚ್ಚಬೇಕು. "ಟ್ಯೂಬು ಬಿಟ್ಟ ಮೊದಮೊದಲು ಕೆಂಪು, ಉರಿ ಜಾಸ್ತಿ ಆಗ್ಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಿದ್ರೋ, ಕಥೆ ಮೊದಲಿಂದ ಶುರು. ತಡೆಯೋಕೆ ಆಗದಿದ್ರೆ ನನ್ನ ಹತ್ರ ಬನ್ನಿ. ಔಷಧಿ ಶುರುವಾದ ಮೇಲೆ ಶಾಲೆಗೆ ಕಳಿಸಬಹುದು, ಮಿಸ್ಸಿಗೆ ನಾನೇ ಫೋನ್ ಮಾಡ್ತೀನಿ. ಆದ್ರೆ ನೋಡಮ್ಮ, ಮನೇಲಿ ಇದ್ದವರಿಗೆಲ್ಲ ಒಟ್ಟಿಗೆ ವಾಸಿ ಆಗ್ಬೇಕು. ಆ ಕೋಟು ಹಾಗೇ ಇದ್ರೆ ನಾನು ಎಷ್ಟು ಔಷಧಿ ಕೊಟ್ರೂ ನೀರಲ್ಲಿ ಹೋಮ."

ಮನೆಗೆ ಬಂದಾಗ ತಂಡ ಹೊರಡುವ ಗಡಿಬಿಡಿಯಲ್ಲಿತ್ತು. ನಡುಮನೆ ತುಂಬ ಗಂಡಸರು. ಒಬ್ಬ ಬೂಟಿಗೆ ಪಾಲಿಶ್ ಹಾಕುತ್ತಿದ್ದ, ಇನ್ನೊಬ್ಬ ಕ್ಲಾರಿನೆಟ್ ಜೋಡಿಸುತ್ತಿದ್ದ. ಮಾಸ್ತರು ಆಗಲೇ ಕೋಟು ತೊಟ್ಟು ಮೇಲಿನ ಗುಂಡಿಯವರೆಗೆ ಹಾಕಿಕೊಂಡಿದ್ದರು. ಟ್ರಂಪೆಟ್ ಪೆಟ್ಟಿಗೆ ತಡಕಾಡುತ್ತಾ ಕೂಗಿದರು.

"ಟ್ಯೂಬು ಎಲ್ರೋ?"

"ಆಸ್ಪತ್ರೆ ಕಸದ ಬುಟ್ಟೀಲಿದೆ ಭಾವ," ಎಂದಳು ಜರಿಯಕ್ಕ. ಮೊಳೆಗಳಿಂದ ಕೋಟುಗಳನ್ನು ಒಂದೊಂದಾಗಿ ಕಿತ್ತು ನೆಲಕ್ಕೆ ರಾಶಿ ಹಾಕಿದಳು. ರಾಶಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರಿಗೆ ಮೈ ತುರಿಸಲ್ವೋ ಅವರು ಬಂದು ಕೋಟು ತಗೊಳ್ಳಿ. ಉಳಿದವರು ಅಲ್ಲೇ ನಿಲ್ಲಿ."

ಯಾರೂ ಅಲುಗಲಿಲ್ಲ. ಕ್ಲಾರಿನೆಟ್ಟಿನವನ ಕೈ ಅಭ್ಯಾಸಬಲದಿಂದ ತೊಡೆಸಂದಿಗೆ ಹೋಗಿತ್ತು, ಅರ್ಧ ದಾರಿಯಲ್ಲಿ ನೆನಪಾಗಿ ಜೇಬಿಗೆ ತಿರುಗಿತು.

ಮಾಸ್ತರರಿಗೆ ರೇಗಿತು. "ತಲೆ ಕೆಟ್ಟಿದೆಯಾ ನಿಂಗೆ? ಅಲ್ಲಿ ಜನ ಕಾಯ್ತಿದಾರೆ. ಕೋಟಿಲ್ಲದ ಬ್ಯಾಂಡನ್ನ ಯಾರು ಕರೀತಾರೆ? ಇಷ್ಟು ವರ್ಷ ಇದೇ ಕೋಟು ಹಾಕಿದೀವಿ, ಇದೇ ಟ್ಯೂಬು ಹಚ್ಚಿದೀವಿ. ಯಾರು ಸತ್ರು?"

"ಯಾರೂ ಸತ್ತಿಲ್ಲ ಭಾವ. ಸಾಯಲ್ಲ ಅಂತ ತಾನೇ ಇಷ್ಟು ಸಸಾರ? ನನ್ನ ಮಗಳ ಮುಖ ನೋಡಿ. ಹುಳುಕಡ್ಡಿ ಬಂದಿದ್ದು ನಿಮ್ಮ ಕೋಟಿಂದ. ಮುಖ ಕೆಟ್ಟಿದ್ದು ನಿಮ್ಮ ಟ್ಯೂಬಿಂದ. ಶಾಲೆಯಿಂದ ಓಡಿಸಿಕೊಂಡಿದ್ದು ಮಾತ್ರ ಅವಳು! ಕೊಳಕಿ ಅನ್ನಿಸಿಕೊಂಡಿದ್ದು ನಾನು!"

"ನಾನು ಆ ಮಗೂಗೆ ಕೆಟ್ಟದ್ದು ಬಯಸ್ತೀನಾ?" ಮಾಸ್ತರರ ದನಿ ಕೀರಲಾಯಿತು. "ಡಾಕ್ಟರ್‌ಗಳು ದುಡ್ಡಿಗೆ ನೂರು ಹೇಳ್ತಾರೆ."

"ಬಿಟ್ಟಿ ಔಷಧಿ ಕೊಟ್ಟು ಬೈದು ಕಳಿಸಿದ್ರು. ಅವರಿಗೆ ನನ್ನಿಂದ ಏನು ಸಿಗಬೇಕಿತ್ತು?"

ಆಗ ಅಡುಗೆಮನೆ ಬಾಗಿಲಿನಿಂದ ಓರಗಿತ್ತಿ ಮಾತಾಡಿದಳು. ಯಾವಾಗಲೂ ಬೀದಿಗೆ ಕೇಳುವ ದನಿ ಈ ಸಲ ಪಕ್ಕದವರಿಗೂ ಸರಿಯಾಗಿ ಕೇಳಲಿಲ್ಲ.

"ಆ ಡಾಕ್ಟ್ರು ಹೆಂಗಸರಾ?"

"ಹೌದು ಅಕ್ಕ. ಯಾಕೆ?"

ಓರಗಿತ್ತಿ ಜರಿಯಕ್ಕನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಬಟ್ಟೆ ಸರಿಸಿ ತೋರಿಸಿದಳು. ಸ್ತನದ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ, ತೊಡೆಸಂದಿಯವರೆಗೂ ಕಪ್ಪು ಕೆಂಪು ಪಟ್ಟೆ. ಒಳತೊಡೆಯ ಚರ್ಮ ತೆಳುವಾಗಿ, ಉದ್ದುದ್ದ ಸೀಳಿನಂಥ ಗೆರೆ ಬಿದ್ದಿತ್ತು. ಅವಳೂ ಕದ್ದು ಕದ್ದು ಆ ಟ್ಯೂಬು ಹಚ್ಚುತ್ತಿದ್ದಳು, ಕೆಲವು ವರ್ಷಗಳಿಂದ.

"ಗಂಡಂಗೂ ತೋರಿಸಿಲ್ಲ ಕಣೇ. ಇಂಥ ಜಾಗ, ಯಾರಿಗೆ ಹೇಳಲಿ? ಏನೋ ಕೆಟ್ಟ ಕಾಯಿಲೆ ಅಂತ ಅಂದ್ಕೊಂಡು ಒಳಗೊಳಗೇ ಸಾಯ್ತಿದ್ದೆ."

ಮಗಳ ಚಾಪೆ ಬೇರೆ ಹಾಕೆಂದವಳು ಇವಳೇ. ಜರಿಯಕ್ಕನಿಗೆ ಅವಳನ್ನು ಹಿಡಿದು ಕುಲುಕಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಯಾವುದನ್ನೂ ಮಾಡಲಿಲ್ಲ. ಬಾಗಿಲು ತೆರೆದು ನಡುಮನೆಗೆ ಬಂದು ಹೇಳಿದಳು.

"ಭಾವ, ನಿಮ್ಮ ತುರಿಕೆಗೆ ಪೆಟ್ಟಿಗೇಲಿ ಟ್ಯೂಬಿತ್ತು. ಅಕ್ಕ ಅದನ್ನೂ ಕದ್ದು ಹಚ್ಕೋಬೇಕಿತ್ತು, ಈ ಮನೇಲಿ ಅಷ್ಟು ನಾಚಿಕೆ. ಹೋಗಿ ಕೇಳಿ ಅವಳನ್ನ."

ಮಾಸ್ತರು ಹೆಂಡತಿಯ ಮುಖ ನೋಡಿದರು. ಅವಳು ಅಡುಗೆಮನೆ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದಳು. ಅಷ್ಟರಲ್ಲಿ ಜಗಳಕ್ಕೆ ಹೆದರಿ ಮೂಲೆಯಲ್ಲಿದ್ದ ಪೀಪಿ "ದೊಡ್ಡಪ್ಪಾ" ಎಂದು ಓಡಿಬಂದಳು. ಮಾಸ್ತರು ಎಂದಿನಂತೆ ಎರಡೂ ಕೈ ಚಾಚಿದರು. ಚಾಚಿದ ಕೈ ನಡುವೆಯೇ ನಿಂತಿತು. ಮಗುವಿನ ಕೆನ್ನೆ ನೋಡಿದರು, ತಮ್ಮ ಕೋಟಿನ ಕಾಲರು ನೋಡಿದರು. "ತಡಿ ಪುಟ್ಟಾ," ಎಂದರು. ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಕೋಟನ್ನು ತೆಗೆದು ತಾವೇ ರಾಶಿಗೆ ಎಸೆದರು.

ಆ ಸಂಜೆ ಬ್ಯಾಂಡು ಬರೀ ಬಿಳಿ ಅಂಗಿಯಲ್ಲಿ ಹೋಯಿತು. ಕರೆಸಿದವರು ಗೊಣಗಿದರು, "ಏನ್ರೀ ಇದು, ಹೋಟೆಲಿನಲ್ಲಿ ಬಡಿಸೋರ ಥರ ಬಂದಿದ್ದೀರಿ?" ಎಂದರು. "ಕೋಟುಗಳು ಆಸ್ಪತ್ರೆಗೆ ಹೋಗಿವೆ ಸ್ವಾಮಿ, ನಾಳೆ ನಾವೂ ಹೋಗ್ತೀವಿ," ಎಂದರು ಮಾಸ್ತರು. ಟ್ರಂಪೆಟ್ಟಿನ ಸ್ವರ ಮಾತ್ರ ಎಂದಿನಷ್ಟೇ ಜೋರಾಗಿತ್ತು.

ಮರುದಿನ ಇಡೀ ತಂಡ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿತು. ಓರಗಿತ್ತಿಯದು ಮೈತುಂಬ ಹರಡಿದ್ದರಿಂದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಮಾತ್ರೆಯನ್ನೂ ಕೊಟ್ಟರು. ಜರಿಯಕ್ಕ ಕೋಟುಗಳ ಒಳಗಿನ ಲೈನಿಂಗ್ ಬಟ್ಟೆಯನ್ನೆಲ್ಲ ಬಿಚ್ಚಿ ಹಂಡೆಯಲ್ಲಿ ಕುದಿಸಿದಳು. ಹೊರ ಕೋಟನ್ನು ಒಗೆದು, ಮಗುಚಿ ಹಾಕಿ, ಬಿಸಿಲಿನಲ್ಲಿ ಗರಿಗರಿ ಒಣಗಿಸಿದಳು. ಬಣ್ಣ ಬಿಟ್ಟು ಕೆಂಪು ಕೋಟುಗಳು ಗುಲಾಬಿಯಾದವು, ಅದಕ್ಕೇನೂ ಮಾಡುವಂತಿರಲಿಲ್ಲ. ಈಗ ಒಂದೊಂದು ಕೋಟು ಒಬ್ಬೊಬ್ಬನದು. ಒಳಗೆ ತೆಳು ಹತ್ತಿ ಅಂಗಿ ಕಡ್ಡಾಯ, ದಿನಾ ಒಗೆಯಬೇಕು. ಟವೆಲ್ಲು ಬೇರೆ ಬೇರೆ.

ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲ ದಿನಗಳಲ್ಲಿ ಉರಿ ತಡೆಯಲಾರದೆ ಗಂಡ ಔಷಧಿ ಅಂಗಡಿಯ ಕಡೆ ಕಾಲು ಹಾಕಿದ. ಜರಿಯಕ್ಕ ಹಿಂದೆಯೇ ಹೋಗಿ ಅಂಗಡಿಯವನಿಗೂ ಗಂಡನಿಗೂ ಒಟ್ಟಿಗೆ ಮಂಗಳಾರತಿ ಎತ್ತಿದಳು. ಚೀಟಿ ಇಲ್ಲದೆ ಆ ಟ್ಯೂಬು ಕೊಡುತ್ತೀಯಲ್ಲ, ನಿನ್ನ ಮಗಳ ಕೆನ್ನೆಗೆ ಹಚ್ಚುತ್ತೀಯಾ ಎಂದು ಕೇಳಿದಳು. ಅವನು ಗಿರಾಕಿಗಳ ಮುಂದೆ ಪೆಚ್ಚಾದ. ಕ್ಲಾರಿನೆಟ್ಟಿನವನು ಕಲೆ ಮಾಸಿತೆಂದು ಮುಲಾಮು ನಿಲ್ಲಿಸಿ, ಮತ್ತೆ ಬರಿಸಿಕೊಂಡು, ಮತ್ತೆ ಬೈಸಿಕೊಂಡ.

ಪೀಪಿ ಶಾಲೆಗೆ ಹೋಗುತ್ತಿದ್ದಾಳೆ. ಹುಳುಕಡ್ಡಿ ಹೋಗಿದೆ, ಗುಳ್ಳೆಗಳೂ ಹೋಗಿವೆ. ಆದರೆ ಕೆನ್ನೆಯ ಕೆಂಪು ಗೆರೆಗಳು ಇನ್ನೂ ಇವೆ. ಮಾಸಲು ಬಹಳ ಕಾಲ ಬೇಕು, ಪೂರ್ತಿ ಮಾಸುತ್ತವೆಂದು ಭರವಸೆ ಕೊಡಲಾರೆ ಎಂದಿದ್ದಾರೆ ಡಾಕ್ಟರಮ್ಮ. ಓರಗಿತ್ತಿಯ ತೊಡೆಯ ಗೆರೆಗಳಂತೂ ಹೋಗುವವಲ್ಲ. ಬಂದದ್ದು ಸುಲಭವಾಗಿ ವಾಸಿಯಾಗುವ ಕಾಯಿಲೆ, ಉಳಿದದ್ದು ಔಷಧಿ ಮಾಡಿದ ಗಾಯ. ಜರಿಯಕ್ಕನ ಸಿಟ್ಟು ಇಳಿದಿಲ್ಲ. ಯಾಕೆ ಇಳಿಯಬೇಕು?

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೈ ಈಗ ಎಲ್ಲಿದೆ? ಮೈಮೇಲೆ ಉಂಗುರದಂಥ, ಅಂಚು ಕೆಂಪಾದ, ತುರಿಸುವ ಕಲೆ ಇದ್ದರೆ ಅದು ಹುಳುಕಡ್ಡಿ ಇರಬಹುದು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಗುಳ್ಳೆ ಎದ್ದು, ರಾತ್ರಿ ನಿದ್ದೆಗೆಡಿಸುವಷ್ಟು ತುರಿಸಿ, ಮನೆಮಂದಿಗೆಲ್ಲ ಹಬ್ಬಿದ್ದರೆ ಅದು ಕಜ್ಜಿ ಇರಬಹುದು. ಆಗ ಮನೆಯವರೆಲ್ಲರೂ, ತುರಿಕೆ ಇಲ್ಲದವರೂ ಸೇರಿ, ಒಟ್ಟಿಗೇ ಔಷಧಿ ಹಚ್ಚಿಕೊಳ್ಳಬೇಕು. ತುರಿಕೆಯೇ ಇಲ್ಲದೆ, ಮುಟ್ಟಿದರೆ ಸ್ಪರ್ಶವೇ ತಿಳಿಯದ ಮಾಸಲು ಮಚ್ಚೆ ಇದ್ದರೆ ಅದು ಕುಷ್ಠ ಇರಬಹುದು, ಒಂದು ದಿನವೂ ತಡಮಾಡದೆ ತೋರಿಸಿ, ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ವಾಸಿಯಾಗುವ ಔಷಧಿ ಇದೆ. ಯಾವುದು ಏನೆಂದು ಹೇಳಬೇಕಾದವರು ಡಾಕ್ಟರು, ಅಂಗಡಿಯವನಲ್ಲ, ಪಕ್ಕದ ಮನೆಯವನಲ್ಲ.

ಏಳಿ, ನಿಮ್ಮ ಮನೆಯ ಟ್ಯೂಬು ಎಲ್ಲಿದೆ ಹುಡುಕಿ. ಅದನ್ನು ಯಾರು ಬರೆದುಕೊಟ್ಟರು ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಎಂಥ ಜಾಗದಲ್ಲಿ ಬಂದಿದ್ದರೂ ತೋರಿಸಿ, ನಾಚಬೇಡಿ. ಚರ್ಮದ ಕಾಯಿಲೆ ಬಂದವರು ಗಲೀಜಲ್ಲ. ಅವರನ್ನು ಹಾಗೆ ಕರೆಯುವ ಬಾಯಿ ಗಲೀಜು.